ಗೆರೆ ಕಾಯುವ ಕೆಲಸ

ಗೆರೆ ನೋಡಿ ಎದೆ ಹಿಡಿದುಕೊಳ್ಳುವುದು ನಮ್ಮ ಕಡೆಯವರಿಗೆ ಹೊಸದಲ್ಲ. ಗಡಿಯಾರದ ಲೆಕ್ಕಕ್ಕೆ ತಿರುಗುವ ಕಾಗದದ ಮೇಲೆ, ಯಾರ ಕೈಯೂ ಸೋಕದೆ, ತಾನೇ ಬರೆದುಕೊಳ್ಳುವ ಗೆರೆಯೊಂದು ಕೋಲಾರದ ಚಿನ್ನದ ಗಣಿಯಲ್ಲಿ ನೂರು ವರ್ಷಗಳ ಹಿಂದೆಯೇ ಇತ್ತು. ಈಗ ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ರಾತ್ರಿಯಿಡೀ ಕಂಪ್ಯೂಟರ್ ಪರದೆಯ ಮುಂದೆ ಕುಳಿತು, ಏರುವ ಇಳಿಯುವ ಗೆರೆಗಳನ್ನು ಕಾಯುವ ಹುಡುಗ ಹುಡುಗಿಯರಲ್ಲಿ ಮೈಸೂರು ಮೈನ್ಸಿನವರೂ ಇದ್ದಾರೆ, ಬಂಗಾರಪೇಟೆಯವರೂ ಇದ್ದಾರೆ. ಅವರಲ್ಲಿ ಕೆಲವರಿಗೆ ಗ್ರಾಫ್ ಹಾಳೆಯ ಮೇಲೆ ಮೊದಲ ಚುಕ್ಕಿ ಇಡಿಸಿದವಳು ನಾನು. ಎಕ್ಸ್ ಅಕ್ಷ ಯಾವುದು, ವೈ ಅಕ್ಷ ಯಾವುದು ಎಂದು ಕೇಳಿದರೆ ಕಿಟಕಿಯ ಕಡೆ ನೋಡುತ್ತಿದ್ದ ಮಕ್ಕಳು ಈಗ ಅದರಲ್ಲೇ ಅನ್ನ ಕಾಣುತ್ತಿದ್ದಾರೆ.

ಒಬ್ಬ ಹಳೆಯ ವಿದ್ಯಾರ್ಥಿನಿ ಹಬ್ಬಕ್ಕೆ ಊರಿಗೆ ಬಂದಾಗ ಅವಳ ಕೆಲಸವೇನೆಂದು ಕೇಳಿದೆ. "ಸರ್ವರ್‌ಗೆ ಎಷ್ಟು ಜನ ಬರ್ತಾರೆ ಅಂತ ಗ್ರಾಫ್ ನೋಡ್ತಾ ಕೂತಿರೋದು ಮಿಸ್, ನೈಟ್ ಶಿಫ್ಟು" ಎಂದಳು. ಪಕ್ಕದಲ್ಲಿದ್ದ ಅವಳ ಅಜ್ಜಿಗೆ ಅದರಲ್ಲಿ ಅರ್ಥವಾದದ್ದು "ನೈಟ್ ಶಿಫ್ಟು" ಎಂಬ ಮಾತೊಂದೇ. ಆದರೆ ಆ ಒಂದು ಮಾತು ಆಕೆಗೆ ಪೂರ್ತಿಯಾಗಿ ಅರ್ಥವಾಯಿತು. ಆಕೆಯ ಯಜಮಾನರು ಮೂರು ಪಾಳಿಯಲ್ಲೂ ಗಣಿಗಿಳಿದವರು. ಅಜ್ಜನ ಕಾಲದ ಗೆರೆಗೂ ಮೊಮ್ಮಗಳ ಗೆರೆಗೂ ಏನು ನೆಂಟಸ್ತಿಕೆ ಎಂದು ಆವತ್ತಿನಿಂದ ನನಗೆ ಕುತೂಹಲ ಹತ್ತಿತು. ಅಲ್ಲಿ ಇಲ್ಲಿ ಓದಿದ್ದು, ಕೇಳಿದ್ದು, ಕಂಡದ್ದು ಸೇರಿಸಿ ಈ ಬರಹ.

ಅಂಕಿಗಳನ್ನು ಗೆರೆಯಾಗಿ ಬರೆದು ತೋರಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವನು ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು. 1786ರಲ್ಲಿ ಅವನು ಇಂಗ್ಲೆಂಡಿನ ಆಮದು ರಫ್ತುಗಳ ಏರಿಳಿತವನ್ನು ಗೆರೆಗಳಲ್ಲಿ ಅಚ್ಚುಹಾಕಿಸಿದ. ಅವನು ಅದಕ್ಕೂ ಮೊದಲು ಉಗಿಯಂತ್ರದ ಜೇಮ್ಸ್ ವ್ಯಾಟನ ಬಳಿ ನಕ್ಷೆ ಬರೆಯುವ ಕೆಲಸದಲ್ಲಿದ್ದವನು. ವಿಶೇಷವೆಂದರೆ ಅದೇ ವ್ಯಾಟನ ಕಾರ್ಖಾನೆಯಲ್ಲೇ 1796ರ ಸುಮಾರಿಗೆ, ಯಂತ್ರದೊಳಗಿನ ಉಗಿಯ ಒತ್ತಡವನ್ನು ಪೆನ್ಸಿಲೊಂದು ತಾನೇ ಬರೆಯುವ ಸಾಧನವೂ ಹುಟ್ಟಿತು. ಮನುಷ್ಯ ಲೆಕ್ಕಹಾಕಿ ಬರೆಯುವ ಗೆರೆ ಒಂದು ಜಾತಿ, ಯಂತ್ರ ತನ್ನ ಕಥೆಯನ್ನು ತಾನೇ ಬರೆದುಕೊಳ್ಳುವ ಗೆರೆ ಇನ್ನೊಂದು ಜಾತಿ. ನಮ್ಮ ಕಥೆ ಎರಡನೆಯದರದ್ದು.

ನಮ್ಮ ಊರಿನ ಇತಿಹಾಸ ಎಲ್ಲರಿಗೂ ಅಷ್ಟಿಷ್ಟು ತಿಳಿದದ್ದೇ. ಲವೆಲ್ ಎಂಬ ಐರಿಷ್ ಮಾಜಿ ಸೈನಿಕ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅಪ್ಪಣೆ ಪಡೆದು ಇಲ್ಲಿ ಅಗೆಯಲು ಹೊರಟ. 1880ರ ನಂತರ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಕೈಹಾಕಿದ ಮೇಲೆ ಮೈಸೂರು ಮೈನ್ಸ್, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಎಂದು ಒಂದರ ಪಕ್ಕ ಒಂದು ಗಣಿ ಎದ್ದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. ಅಲ್ಲಿಯವರೆಗೂ, ಆಮೇಲೂ ಸ್ವಲ್ಪ ಕಾಲ, ಯಂತ್ರಗಳೆಲ್ಲ ಉಗಿಯಲ್ಲಿ ನಡೆದವು. ಸುತ್ತಲ ಕಾಡು ಸೌದೆಯಾಗಿ ಉರಿಯಿತು.

1902ರ ಜೂನ್ 30ರಂದು ಶಿವನಸಮುದ್ರದಿಂದ ವಿದ್ಯುತ್ತು ಬಂತು. 92 ಮೈಲಿ ದೂರ, ಕಿಲೋಮೀಟರಿನಲ್ಲಿ ಹೇಳುವುದಾದರೆ ಸುಮಾರು 148. ಆ ಕಾಲಕ್ಕೆ ಇಡೀ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಆ ಕೆಲಸಕ್ಕೆ ಬೆನ್ನೆಲುಬಾಗಿ ನಿಂತವರು, ಆದರೆ ದೀಪ ಹತ್ತಿದ್ದನ್ನು ನೋಡಲು ಅವರು ಉಳಿದಿರಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ನಮ್ಮ ಗಣಿಯಾದ ಮೂರು ವರ್ಷಕ್ಕೆ. ಈ ವಿಷಯದಲ್ಲಿ ನಮ್ಮವರು ಇಂದಿಗೂ ಸ್ವಲ್ಪ ಜಂಬ ಪಡುತ್ತಾರೆ. ಪಡಲಿ.

ವಿದ್ಯುತ್ತಿಗೊಂದು ವಿಚಿತ್ರ ಗುಣವಿದೆ. ಅಕ್ಕಿಯ ಹಾಗೆ ಡಬ್ಬದಲ್ಲಿ ತುಂಬಿಡಲು ಬರುವುದಿಲ್ಲ. ಇಲ್ಲಿ ಯಾರಾದರೂ ಗುಂಡಿ ಒತ್ತಿದ ಕ್ಷಣಕ್ಕೆ ಅಲ್ಲಿ ಅಷ್ಟೇ ಹುಟ್ಟಬೇಕು. ಆದ್ದರಿಂದ ಯಾವ ಗಂಟೆಗೆ ಎಷ್ಟು ಬೇಡಿಕೆ ಎಂದು ಗೆರೆ ಬರೆದು ನೋಡುವುದು ವಿದ್ಯುತ್ ಎಂಜಿನಿಯರುಗಳ ನಿತ್ಯಪಾರಾಯಣ. ಅದಕ್ಕೆ ಲೋಡ್ ಕರ್ವ್ ಎನ್ನುತ್ತಾರೆ. ಊರಿನ ಲೋಡ್ ಕರ್ವಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಗೂನು ಬರುತ್ತದೆ, ನಡುರಾತ್ರಿ ಬೆನ್ನು ತಗ್ಗುತ್ತದೆ. ಗಣಿಯ ಗೆರೆ ಹಾಗಲ್ಲ. ನೀರೆತ್ತುವ ಪಂಪು, ಗಾಳಿ ತಳ್ಳುವ ಯಂತ್ರ, ಅದಿರು ಕುಟ್ಟುವ ಒನಕೆಗಳು, ಜನರನ್ನು ಇಳಿಸುವ ಹತ್ತಿಸುವ ಕೇಜು, ಇವಕ್ಕೆ ಹಗಲೂ ಇಲ್ಲ ಇರುಳೂ ಇಲ್ಲ. ವ್ಯಾಪಾರದ ಕಣ್ಣಿಂದ ನೋಡಿದರೆ ಹಗಲಿರುಳೂ ಒಂದೇ ಸಮ ಕೊಳ್ಳುವ ಇಂಥ ಗಿರಾಕಿಯಿಂದಲೇ ಆ ಯೋಜನೆ ಲಾಭದ್ದಾಯಿತು. ಆದರೆ ಕಾವೇರಿಯ ಹರಿವು ಒಂದೇ ಸಮ ಇರಬೇಕಲ್ಲ! ಬೇಸಿಗೆಯಲ್ಲಿ ನದಿ ಸೊರಗುವುದು, ಗಣಿ ಮಾತ್ರ ಅಷ್ಟೇ ಕೇಳುವುದು. ನೀರಿನ ಗೆರೆಗೂ ಬೇಡಿಕೆಯ ಗೆರೆಗೂ ಹೊಂದಾಣಿಕೆ ತಪ್ಪಿದ್ದೇ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಒಂದು ಮುಖ್ಯ ಕಾರಣ. ಮಂಡ್ಯದ ಗದ್ದೆಗೆ ನೀರುಣಿಸುವ ಕಟ್ಟೆಗೂ ನಮ್ಮ ಬರಡು ಗುಡ್ಡಕ್ಕೂ ಇರುವ ಈ ಸಂಬಂಧವನ್ನು ಮಕ್ಕಳಿಗೆ ಹೇಳಿದರೆ ಅವರು ನಂಬುವುದೇ ಇಲ್ಲ.

ಇನ್ನು ಎದೆ ಹಿಡಿದುಕೊಳ್ಳುವ ಗೆರೆಯ ವಿಚಾರ.

ಗಣಿ ಆಳಕ್ಕೆ ಹೋದಂತೆ ಮೇಲಿನ ಬಂಡೆಯ ಭಾರ ಹೆಚ್ಚುತ್ತದೆ. ಚಾಂಪಿಯನ್ ರೀಫ್ ಗಣಿ ಕೊನೆಕೊನೆಗೆ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು, ಅಲ್ಲಿ ಬಂಡೆಯ ಬಿಸಿಯೇ 60 ಡಿಗ್ರಿ ದಾಟಿತ್ತು. ಅಷ್ಟು ಭಾರ ಹೊತ್ತ ಬಂಡೆಯ ನಡುವೆ ಅದಿರನ್ನು ತೆಗೆದು ಟೊಳ್ಳು ಮಾಡಿದರೆ, ಆ ಭಾರ ಅಕ್ಕಪಕ್ಕದ ಬಂಡೆಯ ಮೇಲೆ ಬೀಳುತ್ತದೆ. ಅದು ತಡೆದೂ ತಡೆದೂ ಒಂದು ಕ್ಷಣದಲ್ಲಿ ಸಿಡಿಯುತ್ತದೆ. ಇದಕ್ಕೆ ರಾಕ್ ಬರ್ಸ್ಟ್ ಎಂಬುದು ಶಾಸ್ತ್ರೀಯ ಹೆಸರು. ನಮ್ಮ ಹಿರಿಯರ ಬಾಯಲ್ಲಿ ಅದು ಏರ್ ಬ್ಲಾಸ್ಟ್. ಸಿಡಿದಾಗ ನುಗ್ಗುವ ಗಾಳಿಯ ರಭಸ ನೋಡಿ ಮೊದಲ ಕಾಲದ ಎಂಜಿನಿಯರುಗಳೂ ಅದೇ ಹೆಸರಿಟ್ಟಿದ್ದರು.

ಮನೆಯೊಳಗಿದ್ದವರಿಗೆ ಅದು ತಿಳಿಯುತ್ತಿದ್ದುದು ಪಾತ್ರೆಗಳಿಂದ. ಗೂಡಿನಲ್ಲಿ ಜೋಡಿಸಿಟ್ಟ ಲೋಟಗಳು ಒಂದಕ್ಕೊಂದು ತಗುಲಿ ಕಿಣಿಕಿಣಿ ಎನ್ನುತ್ತಿದ್ದವು, ಗೋಡೆಯ ಕ್ಯಾಲೆಂಡರು ಅಲುಗುತ್ತಿತ್ತು. ನಾನು ಚಿಕ್ಕವಳಾಗಿದ್ದಾಗ ಕಂಡದ್ದು ಇದು: ಹೆಂಗಸರು ಮಾತು ನಿಲ್ಲಿಸಿ ಮೊದಲು ಗಡಿಯಾರ ನೋಡುತ್ತಿದ್ದರು. ಈಗ ಯಾವ ಪಾಳಿ, ಯಾರ ಮನೆಯವರು ಕೆಳಗಿದ್ದಾರೆ, ಯಾವ ಶಾಫ್ಟು, ಎಂಬ ಲೆಕ್ಕ ಕಣ್ಣಲ್ಲೇ ನಡೆಯುತ್ತಿತ್ತು. ಆಮೇಲೆ ಮಾತು. ಎಷ್ಟೋ ಸಲ ಏನೂ ಆಗಿರುತ್ತಿರಲಿಲ್ಲ, ಒಗೆದ ಬಟ್ಟೆ ಒಣಗಿಸಲು ಎದ್ದು ಹೋಗುತ್ತಿದ್ದರು. ಕೆಲವು ಸಲ ಎದ್ದು ಶಾಫ್ಟಿನ ಕಡೆ ಓಡುತ್ತಿದ್ದರು.

ಈ ಸಿಡಿತಗಳನ್ನು ಅಳೆಯಲು 1912ರ ಹೊತ್ತಿಗೆ ಗಣಿಯಲ್ಲಿ ಭೂಕಂಪಮಾಪಕ ಬಂತು. ಜರ್ಮನಿಯ ವೀಷರ್ಟ್ ಎಂಬ ವಿಜ್ಞಾನಿ ರೂಪಿಸಿದ ಮಾದರಿಯದು. ಅದರ ಒಳಗುಟ್ಟು ಸರಳ. ಭಾರವಾದ ಗುಂಡೊಂದನ್ನು ಬಹಳ ಸೂಕ್ಷ್ಮವಾಗಿ ನಿಲ್ಲಿಸಿರುತ್ತಾರೆ. ನೆಲ ಅದುರಿದರೂ ಭಾರದ ಗುಂಡು ಜಡವಾಗಿ ತನ್ನ ಜಾಗದಲ್ಲೇ ನಿಲ್ಲಲು ನೋಡುತ್ತದೆ. ಅಲುಗಿದ ನೆಲಕ್ಕೂ ಅಲುಗದ ಗುಂಡಿಗೂ ಇರುವ ವ್ಯತ್ಯಾಸವನ್ನು ಸನ್ನೆಕಡ್ಡಿಗಳು ದೊಡ್ಡದು ಮಾಡಿ ಒಂದು ಮೊನಚು ಕಡ್ಡಿಗೆ ಮುಟ್ಟಿಸುತ್ತವೆ. ಆ ಕಡ್ಡಿ ಹೊಗೆ ಹಿಡಿಸಿ ಕಪ್ಪು ಮಾಡಿದ ಕಾಗದದ ಮೇಲೆ ಬಿಳಿಯ ಗೆರೆ ಗೀಚುತ್ತ ಹೋಗುತ್ತದೆ. ಬಸ್ಸು ಹಠಾತ್ತನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೆ, ಅದೇ ತತ್ವ. ಸದ್ದಿಲ್ಲದ ಹೊತ್ತಿನಲ್ಲಿ ಗೆರೆ ನೇರ. ಸಿಡಿತವಾದರೆ ಮೊದಲು ಒಂದು ಸಣ್ಣ ನಡುಕ, ಸ್ವಲ್ಪ ಬಿಟ್ಟು ದೊಡ್ಡ ನಡುಕ. ಎರಡು ಬಗೆಯ ಅಲೆಗಳು ಬೇರೆಬೇರೆ ವೇಗದಲ್ಲಿ ಬರುವುದರಿಂದ, ನಡುವಿನ ಅಂತರ ನೋಡಿ ಎಷ್ಟು ದೂರದ್ದು ಎಂದು ಹೇಳಬಹುದು.

ಒಂದೇ ಯಂತ್ರಕ್ಕೆ ದೂರ ಗೊತ್ತಾದರೂ ಯಾವ ದಿಕ್ಕು, ಎಷ್ಟು ಆಳ ಎಂದು ಖಚಿತವಾಗುವುದು ಕಷ್ಟ. ಹಲವಾರು ಕಡೆ ಕಿವಿ ಇಟ್ಟರೆ, ಯಾವ ಕಿವಿಗೆ ಮೊದಲು ಕೇಳಿಸಿತು ಎಂಬ ಲೆಕ್ಕದಿಂದ ಜಾಗ ಸಿಗುತ್ತದೆ. ಅಂಥ ಕಿವಿಗಳ ಜಾಲವನ್ನು ಭಾಭಾ ಅಣು ಸಂಶೋಧನಾ ಕೇಂದ್ರದ ನೆರವಿನಿಂದ 1978ರಲ್ಲಿ ಇಲ್ಲಿ ಹಾಕಲಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ನಮ್ಮ ಕೆ.ಜಿ.ಎಫ್.ನಲ್ಲೇ ಆರಂಭವಾಯಿತು. ಅಷ್ಟು ಹೊತ್ತಿಗೆ ಗಣಿಗಳೂ ಕೈ ಬದಲಾಯಿಸಿದ್ದವು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ, 1972ರಿಂದ ಭಾರತ್ ಗೋಲ್ಡ್ ಮೈನ್ಸ್.

ಕಚೇರಿಯ ಗೆರೆಗೆ ಎಲ್ಲಿ ಸಿಡಿಯಿತು ಎಂಬುದು ಗೊತ್ತಾಗುತ್ತಿತ್ತು. ಅಲ್ಲಿ ಯಾರಿದ್ದರು ಎಂಬುದು ಗೊತ್ತಾಗುತ್ತಿದ್ದುದು ಹಾಜರಿ ಪುಸ್ತಕಕ್ಕೆ, ಅದಕ್ಕಿಂತ ಬೇಗ ಮನೆಯ ಹೆಂಗಸರಿಗೆ. ಎರಡೂ ಲೆಕ್ಕ ಸೇರಿದರೆ ಮಾತ್ರ ಸುದ್ದಿ ಪೂರ್ತಿ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನ ವಿದ್ಯಾರ್ಥಿನಿಯ ಗೆರೆಗೆ ಬರೋಣ.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ. ಅದೇ ವರ್ಷ ಇಂಗ್ಲೆಂಡಿನ ಲೆಸ್ಟರ್ ಎಂಬ ಊರಿನಿಂದ ಒಂದು ಚಿಕ್ಕ ತಂತ್ರಾಂಶ ಹೊರಬಂತು. ಅಲ್ಲಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯದಲ್ಲಿ ಟೋಬಿಯಸ್ ಓಟಿಕರ್ ಎಂಬ ಸ್ವಿಸ್ ತರುಣನಿದ್ದ. ಅವರೆಲ್ಲರ ಪಾಲಿಗೆ ಹೊರಜಗತ್ತಿಗಿದ್ದದ್ದು ಒಂದೇ ಒಂದು ತಂತಿ, ಸೆಕೆಂಡಿಗೆ 64 ಕಿಲೋಬಿಟ್ ಸಾಮರ್ಥ್ಯದ್ದು. ಈಗಿನ ಒಂದು ಮೊಬೈಲ್ ಫೋನಿಗೂ ಸಾಲದಷ್ಟು. ಬೀದಿಯ ಕೊಳಾಯಿಯ ಮುಂದೆ ಬಿಂದಿಗೆ ಸಾಲಿಟ್ಟವರಂತೆ ಎಲ್ಲರಿಗೂ ತಿಳಿಯಬೇಕಿದ್ದದ್ದು ಒಂದೇ: ಈಗ ತಂತಿ ತುಂಬಿದೆಯೋ ಖಾಲಿಯಿದೆಯೋ? ಅದನ್ನು ಗೆರೆಯಾಗಿ ಬರೆದು ಎಲ್ಲರ ಕಣ್ಣಿಗೂ ಬೀಳುವ ಹಾಗೆ ಒಂದು ಪುಟದಲ್ಲಿಡುವ ತಂತ್ರಾಂಶವನ್ನು ಅವನು ಬರೆದ. ಎಂಆರ್‌ಟಿಜಿ ಎಂದು ಅದರ ಹೆಸರು. ಯಾರು ಬೇಕಾದರೂ ತೆಗೆದುಕೊಳ್ಳಿ ಎಂದು ಕೊಟ್ಟುಬಿಟ್ಟ. ಕೆಲವೇ ವರ್ಷಗಳಲ್ಲಿ ಅದು ಜಗತ್ತಿನ ಕಂಪ್ಯೂಟರ್ ಕೋಣೆಗಳಿಗೆಲ್ಲ ಹಬ್ಬಿತು. ಒಳಬರುವುದು ಹಸಿರು ಬಣ್ಣ ತುಂಬಿದ ಗುಡ್ಡ, ಹೊರಹೋಗುವುದು ಅದರ ಮೇಲೆ ಓಡುವ ನೀಲಿ ಗೆರೆ.

ಅದು ಕೆಲಸ ಮಾಡುವ ರೀತಿ ಮನೆಯ ಕರೆಂಟ್ ಮೀಟರಿನ ರೀತಿಯೇ. ಮೀಟರ್ ಓದುವವನು ಬಂದು ಈ ತಿಂಗಳ ಅಂಕಿಯಿಂದ ಕಳೆದ ತಿಂಗಳ ಅಂಕಿ ಕಳೆಯುತ್ತಾನೆ, ಉಳಿದದ್ದು ನಾವು ಉರಿಸಿದ್ದು. ತಂತಿಯ ತುದಿಯ ಯಂತ್ರದಲ್ಲೂ ಸುಮ್ಮನೆ ಏರುತ್ತ ಹೋಗುವ ಒಂದು ಎಣಿಕೆ ಇರುತ್ತದೆ. ತಂತ್ರಾಂಶ 5 ನಿಮಿಷಕ್ಕೊಮ್ಮೆ ಹೋಗಿ ಅದನ್ನು ಓದಿ, ಹಿಂದಿನದನ್ನು ಕಳೆದು, 300 ಸೆಕೆಂಡಿಗೆ ಭಾಗಿಸಿ ಒಂದು ಚುಕ್ಕಿ ಇಡುತ್ತದೆ. ದಿನಕ್ಕೆ 288 ಚುಕ್ಕಿ. ಹಳೆಯ ಯಂತ್ರಗಳ ಎಣಿಕೆ 429 ಕೋಟಿ ದಾಟಿದರೆ ಸ್ಕೂಟರಿನ ಕಿಲೋಮೀಟರ್ ಚಕ್ರದಂತೆ ಮತ್ತೆ ಸೊನ್ನೆಗೆ ಬರುತ್ತಿತ್ತು. ತಂತಿಗಳು ವೇಗವಾದಂತೆ ಹೀಗೆ ಸುತ್ತುವುದಕ್ಕೆ ಆರು ನಿಮಿಷವೂ ಬೇಕಾಗದೆ, ದೊಡ್ಡ ಎಣಿಕೆಯ ಮೀಟರುಗಳನ್ನು ತರಬೇಕಾಯಿತು.

ವೆಬ್ ಸರ್ವರ್ ಎಂದರೆ ಕೇಳಿದವರಿಗೆ ಪುಟ ಬಡಿಸುವ ಕಂಪ್ಯೂಟರು. ಮದುವೆ ಮನೆಯ ಬಡಿಸುವವರನ್ನು ನೆನೆದುಕೊಳ್ಳಿ. ನಿಮಿಷಕ್ಕೆ ಎಷ್ಟು ಜನ ಕೇಳಿದರು, ಎಷ್ಟು ಬಡಿಸಿತು, ಬಡಿಸಲು ಎಷ್ಟು ಹೊತ್ತಾಯಿತು, ಅಡಿಗೆಮನೆಯಲ್ಲಿ ಅಂದರೆ ಅದರ ಮೆಮೊರಿಯಲ್ಲಿ ಎಷ್ಟು ಜಾಗ ಉಳಿದಿದೆ, ಇಷ್ಟನ್ನೂ ಗೆರೆಗಳಾಗಿ ನೋಡುವುದು ಈಗ ಒಂದು ಉದ್ಯೋಗ. ಆ ಗೆರೆಗೂ ದಿನದ ಲಯವಿದೆ. ನಡುರಾತ್ರಿಯ ಮೇಲೆ ತಗ್ಗು, ಬೆಳಿಗ್ಗೆ ಏರು, ಊಟದ ಹೊತ್ತಿಗೆ ಸಣ್ಣ ಗುಂಡಿ, ರಾತ್ರಿ ಮನೆಕೆಲಸ ಮುಗಿದ ಮೇಲೆ ಮತ್ತೊಂದು ಗುಡ್ಡ. "ಆ ಕೊನೇ ಗುಡ್ಡ ನಿಮ್ಮದೇ ಮಿಸ್, ಅಡಿಗೆಮನೆ ಒರೆಸಿ ಫೋನು ಹಿಡಿಯೋ ಹೆಂಗಸರದ್ದು" ಎಂದು ನನ್ನ ವಿದ್ಯಾರ್ಥಿನಿ ನಗುತ್ತಾಳೆ. ಶಿವನಸಮುದ್ರದ ಎಂಜಿನಿಯರಿಗೆ ಬೆಂಗಳೂರಿನ ಸಂಜೆ ದೀಪದ ಗೂನು ಹೇಗೋ ಇವಳಿಗೆ ಇದು ಹಾಗೆ.

ಆದರೆ ಈ ಗೆರೆಯನ್ನು ಓದುವಾಗ ಎಚ್ಚರ ಬೇಕು, ಮುಖ್ಯವಾಗಿ ಸರಾಸರಿಯ ವಿಷಯದಲ್ಲಿ. ಸರಾಸರಿಯ ಆಟ ಉಪಾಧ್ಯಾಯರಿಗೆ ಚೆನ್ನಾಗಿ ಗೊತ್ತು. ತರಗತಿಯ ಸರಾಸರಿ ಅರವತ್ತು ಎಂದು ಮೇಲಿನವರಿಗೆ ಬರೆದು ಕಳುಹಿಸಿದರೆ ಎಲ್ಲರಿಗೂ ಸಂತೋಷ, ಹಿಂದಿನ ಬೆಂಚಿನಲ್ಲಿ ಹನ್ನೆರಡು ಅಂಕ ತೆಗೆದ ಹುಡುಗಿ ಆ ಅರವತ್ತರೊಳಗೆ ಮುಚ್ಚಿಹೋಗಿರುತ್ತಾಳೆ. ಇಲ್ಲೂ ಹಾಗೇ. ನಿಮಿಷಕ್ಕೆ 500 ಜನರಿಗೆ ಬಡಿಸಬಲ್ಲ ಸರ್ವರ್ ಎಂದಿಟ್ಟುಕೊಳ್ಳಿ. ನಾಲ್ಕು ನಿಮಿಷ ನೂರು ನೂರು ಜನ ಬಂದರು, ಐದನೆಯ ನಿಮಿಷ 2000 ಜನ ಒಟ್ಟಿಗೆ ನುಗ್ಗಿದರು. ಐದು ನಿಮಿಷದ ಸರಾಸರಿ 480. ಗೆರೆಯ ಪ್ರಕಾರ ಎಲ್ಲ ಕ್ಷೇಮ. ಆ ಒಂದು ನಿಮಿಷದಲ್ಲಿ ಮಾತ್ರ ಸಾಮರ್ಥ್ಯದ ನಾಲ್ಕು ಪಟ್ಟು ಜನ ಬಾಗಿಲಲ್ಲಿ ನಿಂತಿದ್ದರು.

ಹಳೆಯದನ್ನು ಉಳಿಸುವ ಪದ್ಧತಿಯೂ ಇದೇ ದಾರಿಯದು. ಇಂದಿನ ದಿನಕ್ಕೆ 5 ನಿಮಿಷದ ಸರಾಸರಿ, ವಾರದ ಗೆರೆಗೆ ಅರ್ಧ ಗಂಟೆಯದು, ತಿಂಗಳಿನದಕ್ಕೆ 2 ಗಂಟೆಯದು, ವರ್ಷದ ಗೆರೆಗೆ ಇಡೀ ದಿನದ್ದು. 1999ರಲ್ಲಿ ಅದೇ ಓಟಿಕರ್ ಬರೆದ ಆರ್‌ಆರ್‌ಡಿ ಟೂಲ್ ಎಂಬ ಸಾಧನ ಈ ಪದ್ಧತಿಯನ್ನು ಇನ್ನಷ್ಟು ಅಚ್ಚುಕಟ್ಟು ಮಾಡಿತು. ಗಾಣದ ಎತ್ತಿನಂತೆ ಅಂಕಿಗಳು ಒಂದೇ ವೃತ್ತದಲ್ಲಿ ಸುತ್ತುತ್ತವೆ, ಹೊಸದು ಬಂದು ಹಳೆಯದರ ಮೇಲೆ ಕೂರುತ್ತದೆ, ಕಡತ ಎಂದೂ ಬೆಳೆಯುವುದಿಲ್ಲ. ಜಾಗ ಉಳಿಯುತ್ತದೆ, ನಿಜ. ಆದರೆ ಹೋದ ವರ್ಷದ ಆ ಒಂದು ಕೆಟ್ಟ ನಿಮಿಷ ವರ್ಷದ ಗೆರೆಯಲ್ಲಿ ಒಂದು ಸಾಧಾರಣ ದಿನವಾಗಿ ಕರಗಿರುತ್ತದೆ. ಹೊಗೆ ಹಿಡಿದ ಕಾಗದ ಹೀಗೆ ಮಾಡುತ್ತಿರಲಿಲ್ಲ, ಅದು ಪ್ರತಿ ನಡುಕವನ್ನೂ ಅದರ ಅಳತೆಯಲ್ಲೇ ಇಟ್ಟಿರುತ್ತಿತ್ತು. ಏರ್ ಬ್ಲಾಸ್ಟಿಗೆ ಸರಾಸರಿ ತೆಗೆದು ಏನು ಮಾಡುವುದು? ಎರಡು ಸೆಕೆಂಡಿನ ಸಿಡಿತವನ್ನು ದಿನಕ್ಕೆ ಹಂಚಿದರೆ ನೆಲ ಅಲುಗಲೇ ಇಲ್ಲ ಎಂದೇ ಬರುತ್ತದೆ. ಸರ್ವರ್ ಕಾಯುವವರಲ್ಲಿ ತಿಳಿದವರು ಈಗ ಸರಾಸರಿಯ ಪಕ್ಕದಲ್ಲಿ ಗರಿಷ್ಠದ ಗೆರೆಯನ್ನೂ ಬರೆದಿಡುತ್ತಾರಂತೆ. ಬೇಕಾದದ್ದೇ.

ಫಲಿತಾಂಶದ ದಿನದ ಗೆರೆಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ವರ್ಷಕ್ಕೊಮ್ಮೆ, ಹತ್ತನೆಯ ತರಗತಿಯ ಫಲಿತಾಂಶ ಇಂಥ ಗಂಟೆಗೆ ಎಂದು ಪ್ರಕಟವಾಗುತ್ತದೆ. ಆ ಗಂಟೆಯವರೆಗೂ ಗೆರೆ ಹುಲ್ಲಿನ ಎತ್ತರ, ಗಂಟೆ ಹೊಡೆದ ಕೂಡಲೇ ಗೋಡೆ. ಲಕ್ಷಗಟ್ಟಲೆ ಮಕ್ಕಳು, ಅವರ ಅಪ್ಪ ಅಮ್ಮ, ಸೋದರಮಾವ, ಪಕ್ಕದ ಮನೆಯವರು, ಎಲ್ಲರೂ ಒಂದೇ ನಿಮಿಷದಲ್ಲಿ ನೋಂದಣಿ ಸಂಖ್ಯೆ ಒತ್ತುತ್ತಾರೆ. ಪುಟ ತೆರೆಯದಿದ್ದರೆ ಮತ್ತೆ ಒತ್ತುತ್ತಾರೆ, ಮತ್ತೆ ಮತ್ತೆ. ಒಬ್ಬ ಹುಡುಗಿ ಹತ್ತು ಸಲ ಒತ್ತಿದರೆ ಸರ್ವರ್ ಪಾಲಿಗೆ ಹತ್ತು ಹುಡುಗಿಯರು. ನಿಧಾನವಾದಷ್ಟೂ ಒತ್ತುವವರು ಹೆಚ್ಚು, ಒತ್ತಿದಷ್ಟೂ ಅದು ಇನ್ನೂ ನಿಧಾನ.

ಆಗ ಗೆರೆಯಲ್ಲಿ ಒಂದು ವಿಚಿತ್ರ ಕಾಣುತ್ತದೆ. ಬೆಟ್ಟದ ತುದಿ ಚೂಪಾಗಿರಬೇಕಾದಲ್ಲಿ ಕತ್ತಿಯಿಂದ ಕೊಯ್ದ ಹಾಗೆ ಚಪ್ಪಟೆ. ತಿಳಿಯದವರು ನೋಡಿದರೆ ಜನ ಬರುವುದು ನಿಂತಿತು, ಸ್ಥಿರವಾಯಿತು ಎನ್ನಬೇಕು. ನಿಜಕ್ಕೂ ಆದದ್ದು, ಅದಕ್ಕಿಂತ ಹೆಚ್ಚು ಬಡಿಸಲು ಆಗದೆ ಕೈ ಸೋತದ್ದು. ಬಾಗಿಲಿನಿಂದಲೇ ಹಿಂತಿರುಗಿದವರು ಅದರಲ್ಲಿಲ್ಲ. ಸರ್ವರ್ ತನಗೆ ತಲುಪಿದ ಪ್ರತಿಯೊಂದು ಕೋರಿಕೆಯನ್ನೂ ದಿನಚರಿಯಲ್ಲಿ ಬರೆದುಕೊಳ್ಳುತ್ತದೆ, ತಲುಪದೇ ಇದ್ದದ್ದನ್ನು ಹೇಗೆ ಬರೆದೀತು? ಒಂದು ವರ್ಷ ಬಂಗಾರಪೇಟೆಯ ಬ್ರೌಸಿಂಗ್ ಅಂಗಡಿಯೊಂದರಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ತಾಯಿಯ ಸೆರಗು ಹಿಡಿದು ಎರಡು ಗಂಟೆ ಕಾದಳು. ಪರದೆಯ ಮೇಲೆ ಬಿಳಿಯ ಪುಟ, ಸುತ್ತುವ ಚಕ್ರ. ಫೇಲಾದವರದ್ದು ಬರುವುದೇ ಇಲ್ಲವಂತೆ ಎಂದು ಯಾರೋ ಪುಣ್ಯಾತ್ಮ ಹೇಳಿದ್ದಕ್ಕೆ ಅವಳು ಅಳಲು ಶುರುಮಾಡಿದಳು. ಮಧ್ಯಾಹ್ನದ ಮೇಲೆ ಪುಟ ತೆರೆಯಿತು, ಪ್ರಥಮ ದರ್ಜೆ. ಆ ಎರಡು ಗಂಟೆ ಅವಳು ಯಾವ ಗ್ರಾಫಿನಲ್ಲೂ ಚುಕ್ಕಿಯಾಗಿ ಬಿದ್ದಿರಲಾರಳು. ಶಾಫ್ಟಿನ ಬಾಯಲ್ಲಿ ನಿಂತ ಹೆಂಗಸರೂ ಹೊಗೆಗಾಗದದ ಮೇಲೆ ಇರಲಿಲ್ಲ.

ಇದಕ್ಕೆ ಮದ್ದಿಲ್ಲವೆಂದಲ್ಲ. ಫಲಿತಾಂಶವನ್ನು ಒಂದೇ ಬಾಗಿಲಿನಿಂದ ಕೊಡದೆ ಹಲವು ಬಾಗಿಲಿನಿಂದ, ಎಸ್‌ಎಂಎಸ್ ಮೂಲಕ, ಡಿಜಿಲಾಕರ್ ಮೂಲಕ ಕೊಡಬಹುದು. ಕೇಳಿದ ಮೇಲೆ ಹುಡುಕಿ ಬರೆದುಕೊಡುವ ಬದಲು, ಎಲ್ಲರ ಪುಟವನ್ನೂ ಮೊದಲೇ ಸಿದ್ಧಮಾಡಿಡಬಹುದು. ನೂರು ಜನ ಬರುವರೆಂದು ಗೊತ್ತಿದ್ದರೆ ಚಿತ್ರಾನ್ನವನ್ನು ಬೆಳಿಗ್ಗೆಯೇ ಕಲಸಿಡುವುದಿಲ್ಲವೆ? 2021ರ ಏಪ್ರಿಲ್ 28ರ ಸಂಜೆ 4 ಗಂಟೆಗೆ 18ರಿಂದ 44 ವಯಸ್ಸಿನವರಿಗೆ ಕೋವಿಡ್ ಲಸಿಕೆಯ ನೋಂದಣಿ ತೆರೆದಾಗ ಕೋವಿನ್ ತಾಣಕ್ಕೆ ಜನ ಮುಗಿಬಿದ್ದದ್ದು ಎಲ್ಲರಿಗೂ ನೆನಪಿದೆ. ಮೊದಲು ತಡವರಿಸಿತು, ಆಮೇಲೆ ಸುಧಾರಿಸಿಕೊಂಡು ಅದೇ ದಿನ 1 ಕೋಟಿಗೂ ಹೆಚ್ಚು ಜನರ ಹೆಸರು ಬರೆದುಕೊಂಡಿತು. ಆ ಸಂಜೆ ಆ ಗೆರೆ ಕಾಯುತ್ತಿದ್ದವರ ಎದೆಬಡಿತಕ್ಕೆ ಬೇರೆ ಗ್ರಾಫು ಬೇಕಿತ್ತು.

ಗೆರೆ ಕಾಯುವವರಿಗೆ ಚಪ್ಪಟೆ ತುದಿಗಿಂತ ಭಯ ಹುಟ್ಟಿಸುವುದು ಸೊನ್ನೆಯಂತೆ. ಗೆರೆ ನೆಲಕ್ಕೆ ಬಿದ್ದಿತೆಂದರೆ ಮೂರು ಕಾರಣವಿರಬಹುದು. ನಿಜಕ್ಕೂ ಯಾರೂ ಬಂದಿಲ್ಲ, ಇಲ್ಲವೆ ಸರ್ವರ್ ಸತ್ತಿದೆ, ಇಲ್ಲವೆ ಸರ್ವರ್ ಚೆನ್ನಾಗಿದ್ದು ಅಳೆಯುವ ಸಾಧನವೇ ಸತ್ತಿದೆ. ನೋಡಲು ಮೂರೂ ಒಂದೇ ಥರ. ಯಾವುದೆಂದು ಹೇಳಲು ಮನುಷ್ಯರೇ ಬೇಕು. ಇಂದು ಭಾನುವಾರ, ನಾಳೆ ಯುಗಾದಿ, ಈಗ ಕ್ರಿಕೆಟ್ ನಡೆಯುತ್ತಿದೆ ಎಂದು ತಿಳಿದ ಮನುಷ್ಯರು.

ಮನುಷ್ಯರನ್ನೇ ಎಣಿಸಹೊರಟಾಗ ಜನ ಸಿಡಿದದ್ದೂ ನಮ್ಮಲ್ಲಿದೆ. 1930ರಲ್ಲಿ ಗಣಿ ಕಾರ್ಮಿಕರ ಬೆರಳಚ್ಚು ತೆಗೆದು ದಾಖಲಿಸುವ ಕ್ರಮ ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿ ಹೊರಬಂದರು. ಬಂಡೆಯನ್ನು ಅಳೆಯಿರಿ, ಪಂಪನ್ನು ಅಳೆಯಿರಿ, ನಮ್ಮನ್ನು ಕಳ್ಳರ ಹಾಗೆ ಬೆರಳೊತ್ತಿಸಬೇಡಿ ಎಂಬುದು ಅವರ ಕೋಪದ ತಿರುಳಾಗಿತ್ತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಸರ್ವರಿನ ದಿನಚರಿಯಲ್ಲೂ ಬಂದವರ ಕಂಪ್ಯೂಟರಿನ ವಿಳಾಸ, ಬಂದ ಹೊತ್ತು, ನೋಡಿದ ಪುಟ ಎಲ್ಲ ಇರುತ್ತದೆ. ದಟ್ಟಣೆಯ ಗೆರೆಗೆ ಹೆಸರು ಬೇಡ, ಎಣಿಕೆ ಸಾಕು. ದಿನಚರಿಯನ್ನು ಬಿಚ್ಚಿ ಓದುವವರಿಗೆ ಮಾತ್ರ ಅದರ ಹಿಂದಿನ ಮನೆಗಳೂ ಕಾಣುತ್ತವೆ. ಬೆರಳಚ್ಚಿಗೆ ಮುಷ್ಕರ ಹೂಡಿದವರ ಮೊಮ್ಮಕ್ಕಳು ನಾವು, ಈಗ ಫೋನು ಕೇಳಿದ ಕಡೆಗೆಲ್ಲ ಬೆರಳೊತ್ತಿ ಮುಂದೆ ಹೋಗುತ್ತೇವೆ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸೈರನ್ ನಿಂತಿತು, ಕೇಜು ನಿಂತಿತು. ನೂರು ವರ್ಷ ಹಗಲಿರುಳೆನ್ನದೆ ಕಾವೇರಿಯ ಕರೆಂಟು ಕುಡಿದ ಪಂಪುಗಳು ನಿಂತವು. ಪಂಪು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ಏರತೊಡಗಿತು. ನೀರು ಹೊಕ್ಕ ಹಳೆಯ ಬಿರುಕುಗಳು ಜಾರಿ, ಕೆಳಗೆ ಒಬ್ಬ ಕೆಲಸಗಾರನೂ ಇಲ್ಲದ ಮೇಲೂ ನೆಲ ಆಗಾಗ ನಡುಗುತ್ತಿತ್ತು. ವಿಜ್ಞಾನಿಗಳು ಆ ನಡುಕಗಳನ್ನೂ ದಾಖಲಿಸಿ, ನೀರೇರಿದ ಹಾಗೆ ಅವು ಹೇಗೆ ಬಂದವೆಂದು ಅಭ್ಯಾಸ ಮಾಡಿದ್ದಾರೆ. ಮನೆಯಲ್ಲಿ ಲೋಟ ಕಿಣಿಕಿಣಿ ಎಂದಾಗ ನಮ್ಮ ಹಳೆಯ ಹೆಂಗಸರು ಅಭ್ಯಾಸಬಲದಿಂದ ಗಡಿಯಾರ ನೋಡುತ್ತಿದ್ದರು. ಆಮೇಲೆ, ಈಗ ಯಾವ ಪಾಳಿಯೂ ಇಲ್ಲವೆಂದು ನೆನಪಾಗಿ ಸುಮ್ಮನಾಗುತ್ತಿದ್ದರು.

ಪಾಳಿ ಬೆಂಗಳೂರಿಗೆ ಹೋಯಿತು. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ಜಾವದ ರೈಲುಗಳಲ್ಲಿ ಬುತ್ತಿ ಹಿಡಿದು, ನಿದ್ದೆಗಣ್ಣಿನಲ್ಲಿ, ಮನೆ ಕೆಲಸದವರಿಂದ ಹಿಡಿದು ಎಂಜಿನಿಯರುಗಳವರೆಗೆ ಊರಿಗೂರೇ ಹೋಗುತ್ತದೆ. ಬಂಗಾರಪೇಟೆ ದಾಟುವಷ್ಟರಲ್ಲಿ ಕೂರಲು ಜಾಗವಿರುವುದಿಲ್ಲ. ನನ್ನ ವಿದ್ಯಾರ್ಥಿನಿ ಹೇಳುತ್ತಾಳೆ, ಬೆಳಗಿನ ಮೂರು ಗಂಟೆಗೆ ಅವಳ ಗೆರೆ ಅತ್ಯಂತ ಕೆಳಗಿರುತ್ತದೆ, ಐದೂವರೆ ಆರಕ್ಕೆ ಮೊದಲ ಸಣ್ಣ ಏರು ಕಾಣುತ್ತದೆ. ಅಷ್ಟು ಬೆಳಿಗ್ಗೆ ಫೋನು ನೋಡುವವರು ಯಾರು ಎಂದು ಅವಳ ಜೊತೆಯವರಿಗೆ ಆಶ್ಚರ್ಯವಂತೆ. ಅವಳು ಮಾತ್ರ, ಅದು ನಮ್ಮ ರೈಲಿನವರು ಎಂದು ಹೇಳಿ, ಬ್ಯಾಗು ಎತ್ತಿಕೊಂಡು ಎದುರು ದಿಕ್ಕಿನ ಗಾಡಿ ಹಿಡಿಯಲು ಹೊರಡುತ್ತಾಳೆ.